ಒಗೆದು ತಂದ ಸಾಕ್ಷಿ

ಲಾಂಡ್ರಿಯಲ್ಲಿ ಅವನನ್ನು ಎಲ್ಲರೂ ಕಲಾವಿದ ಎಂದೇ ಕರೆಯುತ್ತಿದ್ದರು. ಚಿತ್ರ ಬಿಡಿಸಲು ಬರುತ್ತಿತ್ತು ಅಂತಲ್ಲ, ಅವನಿಗೆ ನೆಟ್ಟಗೆ ಒಂದು ಗೆರೆ ಎಳೆಯಲೂ ಬರುತ್ತಿರಲಿಲ್ಲ. ಬಟ್ಟೆಯ ಮೇಲೆ ಬಿದ್ದ ಕಲೆ ತೆಗೆಯುವುದು ಅವನ ಕೆಲಸ, ಹನ್ನೊಂದು ವರ್ಷದಿಂದ ಅದೊಂದೇ ಕೆಲಸ. ಶಾಯಿ, ಗ್ರೀಸು, ರಕ್ತ, ಕಾಫಿ, ಏನೇ ಬರಲಿ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಮ್ಮೆ ಮೂಸಿ, "ಮೂರು ದಿನದ್ದು, ಮನೇಲಿ ಬಿಸಿನೀರು ಹಾಕಿ ಕೆಡಿಸಿದಾರೆ" ಎಂದುಬಿಡುತ್ತಿದ್ದ. ಗಿರಾಕಿಗಳು ಕಳ್ಳರ ಹಾಗೆ ತಲೆ ತಗ್ಗಿಸುತ್ತಿದ್ದರು. ಲಾಂಡ್ರಿಯ ಯಜಮಾನರು ಹೊಸಬರಿಗೆಲ್ಲ ಒಂದು ಪಾಠ ಹೇಳುತ್ತಿದ್ದರು. ಹಸಿ ಕಲೆ ನೆಂಟನ ಹಾಗೆ, ಹೇಳಿದರೆ ಎದ್ದು ಹೋಗುತ್ತೆ. ಒಣಗಿದ ಕಲೆ ಮನೆಅಳಿಯನ ಹಾಗೆ, ಹೋಗೋ ಮಾತೇ ಇಲ್ಲ. ಕಲಾವಿದ ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತಿದ್ದನೆಂದರೆ, ಕಣ್ಣಿಗೆ ಹಸಿ ಕಲೆ ಬಿದ್ದರೆ ಊಟದ ಮಧ್ಯದಿಂದ ಎದ್ದುಬಿಡುತ್ತಿದ್ದ.

ಇಂಥವನ ಮನೆಯಲ್ಲಿ ದಿನಕ್ಕೆ ಹತ್ತು ಹದಿನೈದು ಸಲ ಹಾಲು ಕಕ್ಕುವ ಮಗಳು ಹುಟ್ಟಿದಳು. ದೇವರಿಗೂ ತಮಾಷೆ ಬೇಕಲ್ಲ.

ಪುಟ್ಟಿಗೆ ಈಗ ಒಂಬತ್ತು ವಾರ. ಹಸಿದಾಗ ಹಾಲಿಗೆ ಬಾಯಿ ಹಾಕಿ ಗಟಗಟ ಕುಡಿಯುತ್ತಿದ್ದಳು. ಅರ್ಧ ಆಗುವಷ್ಟರಲ್ಲಿ ಬಾಯಿ ಬಿಟ್ಟು, ಬೆನ್ನು ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿಸಿ, ಮುಖ ಕೆಂಪು ಮಾಡಿಕೊಂಡು ಚೀರುತ್ತಿದ್ದಳು. ಆಮೇಲೆ ಬಾಯಿಯ ಒಂದು ಬದಿಯಿಂದ ಹಾಲು ಹೊರಗೆ ಬರುತ್ತಿತ್ತು. ಅಮ್ಮನ ಅಂಗಿ, ಅಜ್ಜಿಯ ಭುಜ, ಹಾಸಿಗೆ, ದಿಂಬು, ಯಾವುದರಲ್ಲೂ ಭೇದ ಮಾಡುತ್ತಿರಲಿಲ್ಲ. ಒಮ್ಮೊಮ್ಮೆ ಕಕ್ಕಿದ ಮೇಲೆ ನಗುತ್ತಲೂ ಇದ್ದಳು, ಆದರೆ ಅಳುವುದೇ ಹೆಚ್ಚು.

ಅವಳು ಕಕ್ಕಿದ ಕ್ಷಣ ಕಲಾವಿದ ಮನೆಯಲ್ಲಿದ್ದರೆ ಎದ್ದು ನಿಲ್ಲುತ್ತಿದ್ದ. ಬಟ್ಟೆ ಎಳೆದುಕೊಂಡು ಬಚ್ಚಲಿಗೆ ನಡೆದುಬಿಡುತ್ತಿದ್ದ. ಹಾಲಿಗೆ ತಣ್ಣೀರು, ಬಿಸಿನೀರು ತಾಗಲೇಬಾರದು, ಮೊದಲು ಹಿಂಬದಿಯಿಂದ ನೀರು ಬಿಟ್ಟು ಆಮೇಲೆ ಸೋಪು. ಹೀಗೆ ಕಾಲು ಗಂಟೆ. ಹೊರಗೆ ಬಂದಾಗ ಬಟ್ಟೆ ಹೊಸದರ ಹಾಗೆ ಇರುತ್ತಿತ್ತು, ಮಗು ಇನ್ನೂ ಅಳುತ್ತಿರುತ್ತಿತ್ತು. ತಾನು ಮನೆಗೆ ಎಷ್ಟು ಸಹಾಯ ಮಾಡುತ್ತಿದ್ದೇನೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ. ಗಂಡಸರಿಗೆ ಈ ಹೆಮ್ಮೆ ಬಹಳ ಬೇಗ ಬರುತ್ತದೆ.

ಅವನ ಹೆಂಡತಿ ಬಸ್ ಕಂಡಕ್ಟರ್. ಈಗ ಹೆರಿಗೆ ರಜೆ. ಅರವತ್ತು ಜನ ತುಂಬಿದ ಬಸ್ಸನ್ನು ಒಂದು ಸೀಟಿಯಲ್ಲಿ ಹತೋಟಿಗೆ ತರುತ್ತಿದ್ದವಳು ಐದು ಕಿಲೋ ಇಲ್ಲದ ಮಗುವಿನ ಮುಂದೆ ಸೋತು ಸುಣ್ಣವಾಗಿದ್ದಳು. ಮೊದಲ ಮೂರು ವಾರ ಹಾಲೂಡಿಸುವುದೆಂದರೆ ಹಲ್ಲು ಕಚ್ಚಿ ಕಣ್ಣೀರು ಹಾಕುವ ನೋವು. ಬಿಡಲಿಲ್ಲ. ನಾಲ್ಕನೇ ವಾರಕ್ಕೆ ಅಮ್ಮನೂ ಮಗಳೂ ಹೊಂದಿಕೊಂಡರು, ಒಂದು ದಿನ ಪೂರ್ತಿ ನೋವಿಲ್ಲದೆ ಕಳೆಯಿತು, ಅವತ್ತು ಅವಳು ಪರೀಕ್ಷೆ ಪಾಸಾದವಳ ಹಾಗೆ ಮನೆ ತುಂಬ ಓಡಾಡಿದ್ದಳು. ಐದನೇ ವಾರಕ್ಕೆ ಈ ಕಕ್ಕುವುದು ಶುರುವಾಯಿತು.

ಆಮೇಲೆ ಬಂದದ್ದು ಬುದ್ಧಿವಾದ. ಅದನ್ನು ಕೊಡಲು ಯಾರೂ ಜಿಪುಣತನ ಮಾಡುವುದಿಲ್ಲ. ಖಾರ ಬಿಡು ಎಂದರು ಎದುರುಮನೆಯವರು, ಬಿಟ್ಟಳು. ಕಾಫಿ ಬಿಡು ಎಂದಳು ಅಕ್ಕ, ಬಿಟ್ಟಳು. ಮೊಟ್ಟೆ, ಹುಳಿ, ಕರಿದದ್ದು, ಒಂದೊಂದಾಗಿ ಬಿಡುತ್ತ ಬಿಡುತ್ತ ಬೇಯಿಸಿದ ತರಕಾರಿ ಮತ್ತು ನೀರಿಗೆ ಬಂದು ನಿಂತಿದ್ದಳು. ಮಗು ಮಾತ್ರ ಏನೂ ಬಿಟ್ಟಿರಲಿಲ್ಲ.

ಸಹಾಯಕ್ಕೆಂದು ಬಂದಿದ್ದ ಅವಳ ಅಮ್ಮನದ್ದು, ಅಂದರೆ ಕಲಾವಿದನ ಅತ್ತೆಯದು, ಬೇರೆಯೇ ವೈದ್ಯ. "ಕುಡಿದಿದ್ದೆಲ್ಲಾ ಹೊರಗೆ ಬಂತಲ್ಲೇ. ಹೊಟ್ಟೆ ಖಾಲಿ ಆಗಿರುತ್ತೆ. ಅಳೋ ಕೂಸಿಗೆ ತಾನೇ ಹಾಲು, ಮತ್ತೆ ಕುಡಿಸು."

ಮತ್ತೆ ಕುಡಿಸುವಳು. ಮತ್ತೆ ಕಕ್ಕುವಳು. ಮತ್ತೆ ಅಳುವಳು. ಮತ್ತೆ ಕುಡಿಸುವಳು. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ನಂಬಿದ ಮನೆ ಅದು. ಮೂರು ದಿನಕ್ಕೊಮ್ಮೆ ಅತ್ತೆ ಅಡುಗೆಮನೆಯಿಂದ ಗಾಳಿಗೆ ಹೇಳುವ ಹಾಗೆ ಹೇಳುತ್ತಿದ್ದರು: "ಕೆಲವರ ಹಾಲು ಕೆಲವು ಮಕ್ಕಳಿಗೆ ಒಗ್ಗಲ್ಲ. ಅದರಲ್ಲಿ ತಪ್ಪೇನಿದೆ." ತಪ್ಪೇನಿದೆ ಎಂದು ಹೇಳಿದಾಗಲೇ ತಪ್ಪು ಯಾರದ್ದೆಂದು ಗೊತ್ತಾಗುವುದು.

ಒಂದು ಶುಕ್ರವಾರ ಮೂವರೂ, ಅಂದರೆ ಗಂಡ, ಹೆಂಡತಿ, ಪುಟ್ಟಿ, ಮಕ್ಕಳ ಕ್ಲಿನಿಕ್ಕಿಗೆ ಹೋದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಎದೆಗೆ ಕೊಳವೆ ಇಟ್ಟು ಕೇಳಿದರು, ಗಾಬರಿಯಾಗುವಂಥದ್ದೇನೂ ಕಾಣುತ್ತಿಲ್ಲ ಎಂದು ಹೇಳಿ ಪಕ್ಕದ ಕೋಣೆಯ ಸಿಸ್ಟರ್ ಹತ್ತಿರ ಕಳಿಸಿದರು. ಸಿಸ್ಟರ್ ದಪ್ಪ ಕನ್ನಡಕದ, ಅವಸರವಿಲ್ಲದ ಹೆಂಗಸು. ಕಕ್ಕಿದ್ದು ಹಸಿರಾಗಿರುತ್ತಾ, ರಕ್ತ ಏನಾದ್ರೂ, ಚಿಮ್ಮಿ ದೂರ ಹೋಗಿ ಬೀಳುತ್ತಾ, ದಿನಕ್ಕೆ ಎಷ್ಟು ಸಲ ಒದ್ದೆ ಮಾಡ್ತಾಳೆ, ಒಂದೊಂದೇ ಕೇಳಿ ಬರೆದುಕೊಂಡರು.

"ಎಷ್ಟು ಕಕ್ಕುತ್ತೆ?"

"ಎಲ್ಲಾನೂ," ಎಂದಳು ಹೆಂಡತಿ. "ಕುಡಿದಿದ್ದು ಪೂರ್ತಿ."

"ಹಳೇ ತೂಕದ ಕಾರ್ಡು ಕೊಡಿ."

ಇಲ್ಲಿ ಕಲಾವಿದ ಕೆಮ್ಮಿದ. ಗಿರಾಕಿಗಳ ಜೇಬು ಮೂರು ಸಲ ತಡಕಿ ನೋಡುವವನು ತನ್ನ ಅಂಗಿಯ ಜೇಬು ನೋಡಿರಲಿಲ್ಲ. ಹುಟ್ಟಿದಾಗಿನಿಂದ ಬರೆದ ಕಾರ್ಡು ಹೋದ ವಾರವೇ ಅಂಗಿಯ ಜೊತೆ ನೀರಿಗೆ ಬಿದ್ದು ಉಂಡೆಯಾಗಿತ್ತು.

ಸಿಸ್ಟರ್ ಅವನನ್ನು ಒಮ್ಮೆ ನೋಡಿದರು. ಪುಟ್ಟಿಯ ಬಟ್ಟೆ ಬಿಚ್ಚಿಸಿ ತಕ್ಕಡಿಯ ಮೇಲೆ ಮಲಗಿಸಿದರು. ನಾಲ್ಕು ಕಿಲೋ ಎಂಟುನೂರ ಅರವತ್ತು. "ಒಂದು ತೂಕದಿಂದ ಏನೂ ಹೇಳಕ್ಕಾಗಲ್ಲ. ಮುಂದಿನ ಶುಕ್ರವಾರ ಬನ್ನಿ, ಎಷ್ಟು ಏರಿದೆ ನೋಡೋಣ. ಹಸಿರು, ರಕ್ತ, ಜ್ವರ, ಹಾಲೇ ಬೇಡ ಅನ್ನೋದು, ಇದ್ಯಾವುದಾದ್ರೂ ಕಂಡ್ರೆ ಶುಕ್ರವಾರ ಕಾಯಬೇಡಿ, ಆವತ್ತೇ ಬನ್ನಿ. ಮತ್ತೆ ಬರೋವಾಗ ಒಂದು ದಿನ ಕಕ್ಕಿದ ಬಟ್ಟೆಗಳನ್ನೆಲ್ಲ ಹಾಗೇ ತನ್ನಿ. ಎಷ್ಟು ಬರ್ತಿದೆ ಅಂತ ಕಣ್ಣಲ್ಲಿ ನೋಡ್ತೀನಿ."

ಹೊರಗೆ ಬಂದು ಮೆಟ್ಟಿಲಿನ ಹತ್ತಿರ ಹೆಂಡತಿ ನಿಂತಳು. "ಶುಕ್ರವಾರ ತೂಕ ಏರಿರ್ಲಿಲ್ಲ ಅಂದ್ರೆ ನಾನು ಎದೆಹಾಲು ನಿಲ್ಲಿಸ್ತೀನಿ. ಡಬ್ಬಿ ಹಾಲು ಶುರು ಮಾಡೋಣ."

"ಅಷ್ಟು ಅವಸರ..."

"ಅವಸರ ಅಲ್ಲ ರೀ. ನನ್ನ ಹಾಲೇ ಅವಳಿಗೆ ಆಗ್ತಿಲ್ಲ ಅಂದ್ಮೇಲೆ ನನ್ನ ಹಟಕ್ಕೆ ಅವಳನ್ನ ಯಾಕೆ ಉಪವಾಸ ಕೆಡವಲಿ?" ಅವಳ ದನಿ ಟಿಕೆಟ್ ಕೇಳುವಾಗಿನಷ್ಟೇ ಗಟ್ಟಿಯಾಗಿತ್ತು. ಮೂರು ವಾರ ಹಲ್ಲು ಕಚ್ಚಿ ಗಳಿಸಿದ್ದನ್ನು ಕೈಬಿಡುವ ಮಾತು ಅದು ಎಂದು ಅವನಿಗೆ ಗೊತ್ತಿತ್ತು. ಅವಳ ಭುಜದ ಮೇಲೆ ಹಸಿ ಕಲೆ ಇತ್ತು. "ಮನೆಗೆ ಹೋದ ತಕ್ಷಣ ಅಂಗಿ ಬಿಚ್ಚಿಕೊಡು," ಎಂದ.

ಆ ವಾರ ಹೇಗೋ ಕಳೆಯಿತು. ಗುರುವಾರ ಬೆಳಿಗ್ಗೆಯಿಂದ ಬಟ್ಟೆ ಕೂಡಿಡುವುದು ಶುರು. ಹೆಂಡತಿ ಒಂದೊಂದನ್ನೂ ಮಡಚಿ ಚೀಲಕ್ಕೆ ಹಾಕಿದಳು. ಕಲಾವಿದ ಅವತ್ತು ರಜೆ ಹಾಕಿ ಮನೆಯಲ್ಲೇ ಇದ್ದ, ಪ್ರತಿಯೊಂದನ್ನೂ ಚೀಲಕ್ಕೆ ಹೋಗುವವರೆಗೆ ಕಣ್ಣಲ್ಲೇ ಹಿಂಬಾಲಿಸಿದ. ರಾತ್ರಿ ಮಲಗುವ ಹೊತ್ತಿಗೆ ಹದಿಮೂರಾಯಿತು. ಮನೆಯಲ್ಲೇ ಇಟ್ಟರೆ ಅತ್ತೆ ವಾಸನೆ ಎಂದು ನೀರಿಗೆ ಹಾಕಿಬಿಡುತ್ತಾರೆ ಎಂಬ ಭಯ ಅವನಿಗೆ. "ಬೆಳಿಗ್ಗೆ ಅಂಗಡಿಗೆ ತಗೊಂಡ್ಹೋಗ್ತೀನಿ. ಅಲ್ಲಿಂದ ಸೀದಾ ಕ್ಲಿನಿಕ್ಕಿಗೆ ಬರ್ತೀನಿ. ನನ್ನ ಹತ್ರ ಭದ್ರವಾಗಿರುತ್ತೆ," ಎಂದ. ಬೆಕ್ಕು ಹಾಲಿನ ಪಾತ್ರೆಗೆ ಕಾವಲು ಕೂತ ಹಾಗೆ.

ಶುಕ್ರವಾರ ಬೆಳಿಗ್ಗೆ ಲಾಂಡ್ರಿಯಲ್ಲಿ ಮೊದಲು ಬಂದ ಗಿರಾಕಿಯ ಕೋಟಿಗೆ ಗ್ರೀಸು. ಅದಕ್ಕೆ ಪುಡಿ ಹಾಕಿ ನೆನೆಯಲು ಬಿಟ್ಟ. ಅದು ನೆನೆಯಲು ಅರ್ಧ ಗಂಟೆ ಬೇಕು. ಕೈ ಖಾಲಿ. ಚೀಲ ಪಕ್ಕದಲ್ಲೇ. ತೊಟ್ಟಿಯಲ್ಲಿ ತಣ್ಣೀರು ತುಂಬಿತ್ತು. ಆಮೇಲೆ ನಡೆದದ್ದರ ಬಗ್ಗೆ ಅವನನ್ನು ಕೇಳಿದರೆ ತಲೆ ಬೇರೆಲ್ಲೋ ಇತ್ತು ಎನ್ನುತ್ತಾನೆ. ತೂಕ ಏರಿರುತ್ತೋ ಇಲ್ಲವೋ ಎಂದು ಯೋಚಿಸುತ್ತಿದ್ದನಂತೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಹನ್ನೊಂದು ವರ್ಷದ ಗುಣವೂ ಹಾಗೆಯೇ. ತಲೆ ಯೋಚಿಸುತ್ತಿದ್ದಾಗ ಕೈ ತನ್ನ ಕೆಲಸ ಮುಗಿಸಿತು. ಒಣಗಿಸುವ ಯಂತ್ರದ ಸದ್ದು ನಿಂತಾಗಲೂ ಅವನಿಗೆ ಎಚ್ಚರವಾಗಲಿಲ್ಲ. ಇಸ್ತ್ರಿಯನ್ನೂ ಮಾಡಿದ.

ಕ್ಲಿನಿಕ್ಕಿನಲ್ಲಿ ಸಿಸ್ಟರ್ ಚೀಲದ ಬಾಯಿ ಬಿಚ್ಚಿ ಒಳಗೆ ಕೈ ಹಾಕಿ ಹೊರಗೆ ತೆಗೆದದ್ದು ಹದಿಮೂರು ಬಟ್ಟೆ. ಒಂದರ ಮೇಲೊಂದು, ಅಂಚಿಗೆ ಅಂಚು ಸೇರಿಸಿ ಮಡಚಿದ್ದು, ಬಿಳಿ ಎಂದರೆ ಬಿಳಿ. ಮೇಲಿನದ್ದು ಇನ್ನೂ ಬೆಚ್ಚಗಿತ್ತು.

"ಇದು ಏನು?"

ಕಲಾವಿದನಿಗೆ ಆಗಲೇ ತಾನು ಏನು ಮಾಡಿದೆ ಎಂದು ತಿಳಿದದ್ದು.

ಸಿಸ್ಟರಿಗೆ ನಗು ತಡೆಯಲಾಗಲಿಲ್ಲ. "ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಕೇಳಿದ್ದೆ. ಇವತ್ತು ನೋಡಿದೆ." ಪುಟ್ಟಿಯೂ ಸಿಸ್ಟರ್ ಮುಖ ನೋಡಿ ನಕ್ಕಳು. ಹೆಂಡತಿ ನಗಲಿಲ್ಲ.

"ಇವರು ಹಾಗೇ ಸಿಸ್ಟರ್," ಎಂದಳು, ಗಂಡನ ಕಡೆ ನೋಡದೆ. "ಅವಳು ಕಕ್ಕಿದ ತಕ್ಷಣ ಬಟ್ಟೆ ಎಳ್ಕೊಂಡು ಹೋಗಿಬಿಡ್ತಾರೆ. ನಾನು ಕುಡಿಸಿದ್ದರ ಒಂದು ಗುರುತೂ ಉಳೀಬಾರದು ಅನ್ನೋ ಹಾಗೆ. ನನ್ನ ಹಾಲಿನ ಮೇಲೆ ಇವರಿಗೂ ಅಸಹ್ಯ ಬಂದಿದೆ ಅಂದ್ಕೊಂಡಿದೀನಿ."

ಇಷ್ಟು ದಿನ ತಾನು ಮಾಡುತ್ತಿದ್ದ ಸಹಾಯ ಆ ಕಡೆಯಿಂದ ನೋಡಿದರೆ ಹೀಗೆ ಕಾಣುತ್ತದೆ ಎಂದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಇಲ್ಲ ಎನ್ನಬೇಕಿತ್ತು, ಅದರ ಬದಲು ತನಗೆ ಬರುವುದೊಂದನ್ನೇ ಹೇಳಿದ.

"ಅಷ್ಟೂ ನಂಗೆ ನೆನಪಿದೆ."

"ಏನು?"

"ಹದಿಮೂರೂ ಕಲೆ. ಯಾವುದು ಎಷ್ಟಗಲ ಇತ್ತು ಅಂತ." ನಿಜವಾಗಿಯೂ ನೆನಪಿತ್ತು. ಕಲೆ ನೋಡಿದರೆ ಅವನು ಮರೆಯುವುದಿಲ್ಲ, ಜನರ ಮುಖ ಮರೆಯುತ್ತಾನೆ. ಬಟ್ಟೆಗಳನ್ನು ಮೇಜಿನ ಮೇಲೆ ಒಂದೊಂದಾಗಿ ಹರಡಿ, ಬೆರಳಿನಿಂದ ಸುತ್ತು ಎಳೆದು ತೋರಿಸಿದ. ಇದು ಅಂಗೈ ಅಗಲ. ಇದು ನಾಣ್ಯದಷ್ಟು. ಇದೂ ನಾಣ್ಯ. ಇದು ಅಂಗೈಗಿಂತ ದೊಡ್ಡದು, ಉದ್ದಕ್ಕೆ ಹರಿದಿತ್ತು.

ಸಿಸ್ಟರ್ ನಗು ನಿಲ್ಲಿಸಿ ಕನ್ನಡಕ ಸರಿಮಾಡಿಕೊಂಡರು. ಕಪಾಟಿನಿಂದ ಔಷಧಿ ಅಳೆಯುವ ಚಮಚ ತೆಗೆದರು, ತಮ್ಮ ಚಹಾಕ್ಕೆ ಇಟ್ಟುಕೊಂಡಿದ್ದ ಬಾಟಲಿಯಿಂದ ಅದಕ್ಕೆ ಹಾಲು ತುಂಬಿದರು. "ತಗೊಳ್ಳಿ. ನೀವೇ ಹಾಕಿ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಕಲಾವಿದ ಬೇಕೆಂದೇ ಬಿಳಿ ಬಟ್ಟೆಯ ಮೇಲೆ ಕಲೆ ಮಾಡಿದ. ಒಂದೇ ಚಮಚ. ಹಾಲು ಬಟ್ಟೆಗೆ ಬಿದ್ದು, ನಿಂತು, ನಿಧಾನವಾಗಿ ಸುತ್ತಲೂ ಹರಡಿತು. ಎರಡು ಬೆರಳಗಲ, ಮೂರು ಬೆರಳಗಲ. ನಿಂತಾಗ ಅವನ ಅಂಗೈಯಷ್ಟಾಗಿತ್ತು.

ಮೂವರೂ ಅದನ್ನು ನೋಡುತ್ತ ನಿಂತರು.

ಅವನಿಗೆ ನಾಚಿಕೆಯಾಯಿತು. ಒಂದು ತೊಟ್ಟು ಕಾಫಿ ಅಂಗಿಯ ಮೇಲೆ ಎಷ್ಟಗಲ ಕೂರುತ್ತದೆ ಎಂದು ಲಾಂಡ್ರಿಯಲ್ಲಿ ಯಾರನ್ನಾದರೂ ಕೇಳಿ, ಮೊದಲು ಉತ್ತರ ಹೇಳುವವನು ಅವನೇ. "ಅರ್ಧ ಲೋಟ ಚೆಲ್ಲಿಹೋಯ್ತು" ಎಂದು ಗೋಳಾಡುವ ಗಿರಾಕಿಗಳಿಗೆ, ಸ್ವಾಮಿ ಇದು ಒಂದು ಗುಟುಕು ಎಂದು ದಿನಾ ಸಮಾಧಾನ ಹೇಳುತ್ತಿದ್ದವನು. ಹಿತ್ತಲ ಗಿಡ ಮದ್ದಲ್ಲ. ಮನೆಯಲ್ಲಿ ಅತ್ತೆ ಎಲ್ಲಾ ಬಂತು ಎಂದಾಗ ಅವನೂ ಎಲ್ಲಾ ಬಂತು ಎಂದುಕೊಂಡು ಬಚ್ಚಲಿಗೆ ಓಡುತ್ತಿದ್ದ.

ಲೆಕ್ಕ ಹಾಕಿದ್ದು ಹೆಂಡತಿ. ತುಂಬಿದ ಬಸ್ಸಿನಲ್ಲಿ ತಲೆ ಎಣಿಸಿದವಳು. "ಅಂಗೈಯಷ್ಟಿನದು ಏಳು, ಏಳು ಚಮಚ. ದೊಡ್ಡದು ಎರಡು, ಎರಡೆರಡು ಅಂತ ಹಿಡಿದ್ರೂ ನಾಲ್ಕು. ನಾಣ್ಯದ್ದು ನಾಲ್ಕೂ ಸೇರಿ ಒಂದು." ತುಟಿ ಅಲುಗಿತು. "ಹನ್ನೆರಡು ಚಮಚ. ಇಡೀ ದಿನಕ್ಕೆ?"

"ಅರವತ್ತು ಎಂಎಲ್," ಎಂದರು ಸಿಸ್ಟರ್. "ಇವಳು ದಿನಕ್ಕೆ ಕುಡಿಯೋದು ಅದರ ಹತ್ತು ಪಟ್ಟಿಗಿಂತ ಜಾಸ್ತಿ. ಮಲಗಿಸಿ, ತೂಕ ನೋಡೋಣ."

ಪುಟ್ಟಿ ತಕ್ಕಡಿಯ ಮೇಲೆ ಕಾಲು ಒದ್ದಳು. ಅಂಕಿ ಏರಿತು, ಇಳಿಯಿತು, ಕುಣಿಯಿತು. ಹೆಂಡತಿ ತಕ್ಕಡಿಯನ್ನು ನೋಡದೆ ಮಗುವಿನ ಮುಖವನ್ನೇ ನೋಡುತ್ತಿದ್ದಳು.

"ಐದು ಕಿಲೋ ನೂರ ಎಪ್ಪತ್ತು. ಒಂದು ವಾರಕ್ಕೆ ಮುನ್ನೂರ ಹತ್ತು ಗ್ರಾಂ."

"ಇನ್ನೊಂದ್ಸಲ ನೋಡಿ ಸಿಸ್ಟರ್."

ಇನ್ನೊಂದು ಸಲವೂ ಅಷ್ಟೇ ಬಂತು.

"ಇವಳಿಗೆ ಹೊಟ್ಟೆ ಖಾಲಿ ಅಲ್ಲಮ್ಮ, ತುಂಬಿ ತುಳುಕ್ತಿದೆ. ಇಷ್ಟು ಚಿಕ್ಕ ಮಕ್ಕಳಿಗೆ ಹೊಟ್ಟೆಯ ಬಾಯಿ ಇನ್ನೂ ಸಡಿಲ. ಒಂದು ಚಮಚ ವಾಪಸ್ ಬರುತ್ತೆ, ಬರೋವಾಗ ಉರಿಯುತ್ತೆ, ಅಳುತ್ತೆ. ನೀವು ಹಸಿವು ಅಂದ್ಕೊಂಡು ಅದರ ಮೇಲೆ ಮತ್ತೆ ತುಂಬಿಸ್ತೀರಿ." ಮಗುವಿಗೆ ಬಟ್ಟೆ ಹಾಕುತ್ತಲೇ ಸಿಸ್ಟರ್ ಹೇಳುತ್ತ ಹೋದರು. ಕಕ್ಕಿದ ತಕ್ಷಣ ಮತ್ತೆ ಕುಡಿಸಬೇಡಿ. ಕುಡಿಯೋ ಮಧ್ಯ ಒಮ್ಮೆ ತೇಗಿಸಿ. ಕುಡಿದ ಮೇಲೆ ಅರ್ಧ ಗಂಟೆ ಯಾರಾದರೂ ನೆಟ್ಟಗೆ ಎತ್ತಿಕೊಂಡಿರಿ. ಮಲಗಿಸುವಾಗ ಮಾತ್ರ ಅಂಗಾತ, ಸಮತಟ್ಟಾದ ಹಾಸಿಗೆ, ದಿಂಬು ಬೇಡ. "ಇಷ್ಟು ಮಾಡಿದ ತಕ್ಷಣ ನಿಂತುಬಿಡುತ್ತೆ ಅಂತಲ್ಲ. ಕೂರೋಕೆ, ನಡೆಯೋಕೆ ಕಲಿಯೋ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ತಾನಾಗೇ ಹೋಗುತ್ತೆ. ಡಬ್ಬಿ ಹಾಲು ಕೊಟ್ರೂ ಮಕ್ಕಳು ಚೆನ್ನಾಗೇ ಬೆಳೀತಾವೆ, ಆದ್ರೆ ಇವಳಿಗೆ ಅದು ಬೇಕಾಗಿಲ್ಲ. ನಿಮ್ಮ ಹಾಲಿಗೆ ಏನೂ ಆಗಿಲ್ಲ. ನೀವು ಮೊದಲು ಹೊಟ್ಟೆ ತುಂಬ ಊಟ ಮಾಡಿ."

ಹೆಂಡತಿ ತಲೆ ಆಡಿಸಿದಳು. ಕಣ್ಣೊರೆಸಿಕೊಳ್ಳಲು ಏನೂ ಸಿಗದೆ ಮೇಜಿನ ಮೇಲಿದ್ದ ಇಸ್ತ್ರಿ ಮಾಡಿದ ಬಟ್ಟೆಯೊಂದನ್ನು ಎತ್ತಿಕೊಂಡಳು.

ಮನೆಯಲ್ಲಿ ಅತ್ತೆ ಪೂರ್ತಿ ಕೇಳಿಸಿಕೊಂಡು, "ನಮ್ಮ ಕಾಲದಲ್ಲಿ ಚಮಚದಲ್ಲಿ ಯಾರೂ ಅಳೀತಿರ್ಲಿಲ್ಲಪ್ಪ," ಎಂದರು. ಒಳಗೆ ಹೋದರು. ಒಗ್ಗರಣೆಯ ಘಾಟು ಬಂತು. ಮಗಳ ತಟ್ಟೆಗೆ ಖಾರದ್ದನ್ನೇ ಎರಡು ಸಲ ಬಡಿಸಿದರು. ಅದು ಅವರ ಕ್ಷಮಾಪಣೆ. ಮಗಳು ಎರಡೂ ಸಲ ಬೇಡ ಎನ್ನಲಿಲ್ಲ.

ಊಟವಾದ ಮೇಲೆ ಹೆಂಡತಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಹಾಲೂಡಿಸಿದಳು. ಮಧ್ಯದಲ್ಲಿ ನಿಲ್ಲಿಸಿ ತೇಗಿಸಿದಳು. ಎಲ್ಲ ಸಿಸ್ಟರ್ ಹೇಳಿದ ಹಾಗೆಯೇ. ಮುಗಿಸಿ ಭುಜಕ್ಕೆ ಹಾಕಿಕೊಂಡು ಎರಡು ನಿಮಿಷವಾಗಿರಲಿಲ್ಲ, ಪುಟ್ಟಿ ಬೆನ್ನು ಬಾಗಿಸಿ ಬಾಯಿಯ ಬದಿಯಿಂದ ಹಾಲು ಬಿಟ್ಟಳು. ಆಮೇಲೆ ಮನೆಯ ಗೋಡೆ ಅದುರುವ ಹಾಗೆ ಅಳಲು ಶುರು.

ಕಲಾವಿದ ಬಟ್ಟೆ ಎಳೆದುಕೊಂಡು ಬಚ್ಚಲ ಬಾಗಿಲಿಗೆ ಬಂದಾಗಿತ್ತು. ಅಲ್ಲಿ ಯಾಕೋ ತಿರುಗಿ ನೋಡಿದ. ಹೆಂಡತಿ ಮಗುವನ್ನು ಮಡಿಲಿಗೆ ಇಳಿಸಿಕೊಂಡು ಅಂಗಿಯ ಗುಂಡಿಗೆ ಕೈ ಹಾಕಿದ್ದಳು, ಮತ್ತೆ ಕುಡಿಸಲು. ಅವಳೂ ತಲೆ ಎತ್ತಿ ಅವನನ್ನು ನೋಡಿದಳು. ಇಬ್ಬರೂ ಸಿಕ್ಕಿಬಿದ್ದಿದ್ದರು.

ಅವಳು ಗುಂಡಿಯಿಂದ ಕೈ ತೆಗೆದಳು. "ಬನ್ನಿ, ಕೂತ್ಕೊಳ್ಳಿ."

ಬಂದು ಮಂಚದ ತುದಿಯಲ್ಲಿ ಕೂತ. ಒದ್ದೆ ಬಟ್ಟೆ ಕೈಯಲ್ಲೇ ಇತ್ತು.

"ಪ್ರತಿ ಸಲ ಯಾಕೆ ಓಡ್ತಿದ್ರಿ?"

ಮಗು ಅಳುತ್ತಲೇ ಇತ್ತು. ಅವನು ಸ್ವಲ್ಪ ಜೋರಾಗಿಯೇ ಹೇಳಬೇಕಾಯಿತು. "ಅಸಹ್ಯ ಅಲ್ಲ. ನಿನ್ನಾಣೆಗೂ ಅಲ್ಲ. ಅವಳು ಅತ್ರೆ ಏನ್ಮಾಡ್ಬೇಕು ಅಂತ ನಂಗೆ ಗೊತ್ತಾಗಲ್ಲ. ಹೆದರಿಕೆ ಆಗುತ್ತೆ. ಬಟ್ಟೆ ಆದ್ರೆ ಏನ್ಮಾಡ್ಬೇಕು ಅಂತ ಗೊತ್ತು."

ಅವಳು ಮಗುವಿನ ಬೆನ್ನು ಸವರುತ್ತಿದ್ದಳು. ಸಿಟ್ಟಿನ ಮುಖವಾಗಿರಲಿಲ್ಲ ಅದು, ತುಂಬ ದಣಿದ ಮುಖ.

"ನಂಗೂ ಗೊತ್ತಾಗ್ತಿರ್ಲಿಲ್ಲ ರೀ," ಎಂದಳು. "ಎದ್ದು ಹೋಗೋಕೆ ನಂಗೆ ಜಾಗ ಇರ್ಲಿಲ್ಲ, ಅಷ್ಟೇ."

ಬಟ್ಟೆಯನ್ನು ಪಕ್ಕಕ್ಕೆ ಇಟ್ಟು ಎರಡೂ ಕೈ ಚಾಚಿದ. ಅವಳು ಮಗುವನ್ನು ಕೊಟ್ಟಳು. ತಲೆಗೆ ಒಂದು ಕೈ, ಕುಂಡಿಗೆ ಒಂದು ಕೈ, ನೆಟ್ಟಗೆ ಎದೆಗೆ ಆನಿಸಿಕೊಂಡ. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಸಿಟ್ಟು ಎಲ್ಲಿಂದ ಬರುತ್ತದೋ ಎನ್ನುವ ಹಾಗೆ ಪುಟ್ಟಿ ಅವನ ಕಿವಿಯಲ್ಲೇ ಚೀರಿದಳು.

"ಅರ್ಧ ಗಂಟೆ," ಎಂದು ಹೆಂಡತಿ ಗೋಡೆಯ ಗಡಿಯಾರ ನೋಡಿದಳು. ಮಂಚದ ಮೇಲೆ ಅಂಗಿ ಸಹ ಬದಲಿಸದೆ ಉರುಳಿಕೊಂಡಳು.

"ಅಷ್ಟು ಹೊತ್ತೂ ಅಳ್ತಾನೇ ಇದ್ರೆ?"

"ಅಳ್ಲಿ. ನೀವು ಅಲ್ಲೇ ಇರಿ."

ಅವನು ಇನ್ನೇನೋ ಕೇಳಲು ನೋಡಿದಾಗ ಅವಳ ಕಣ್ಣು ಮುಚ್ಚಿತ್ತು. ಮಗು ಅವನ ಕತ್ತಿನ ಪಕ್ಕಕ್ಕೆ ಇನ್ನೊಂದು ಚಮಚ ಬಿಟ್ಟಿತು, ಅದು ಬೆಚ್ಚಗೆ ಕಾಲರಿನ ಒಳಗೆ ಇಳಿಯಿತು. ಅವನು ಕೋಣೆಯಲ್ಲಿ ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದ. ಏನು ಮಾಡಬೇಕೆಂದು ಗೊತ್ತಾಗಲಿಲ್ಲ. ಅಳು ಹನ್ನೊಂದು ನಿಮಿಷಕ್ಕೆ ನಿಂತಿತು. ಇನ್ನು ಹತ್ತೊಂಬತ್ತು ನಿಮಿಷ ಇತ್ತು.